ಕಿರುಚುವ ಗೇಟು

"ಸೆರಗು ಕೊಡವೇ, ಕಳ್ಳಮುಂಡೆ! ಟೂಲ್ ಎಲ್ಲಿಟ್ಟಿದೀಯ?"

ಮ್ಯಾನೇಜರ್ ಸುದರ್ಶನ್ ಹಾಗೆ ಅರಚಿದ್ದು ಕಸ ಗುಡಿಸುವ ಪೀರಮ್ಮನ ಮೇಲೆ. ಲಿಂಗರಾಜಪುರದ ನಮ್ಮ ಮೆಷಿನ್ ಶಾಪಿನಲ್ಲಿ ಸ್ಪ್ಯಾನರು, ಡ್ರಿಲ್‌ಬಿಟ್‌ಗಳು, ಹೀಗೆ ಎಲ್ಲಕ್ಕೂ ಕಳವು ತಡೆಯಲೆಂದು ಹೊಸದಾಗಿ ಟ್ಯಾಗ್ ಅಂಟಿಸಿದ್ದರು. ಟ್ಯಾಗ್ ಹತ್ತಿರ ಬಂದರೆ ಸಾಕು, ಗೇಟು ಕಿರುಚುತ್ತದೆ. ಪೀರಮ್ಮ ದಾಟಿದಳು, ಕಿರುಚಿತು. ಸುದರ್ಶನ್ ಅವಳ ಚೀಲಕ್ಕೆ ಕೈ ಹಾಕಿ ಕೆದಕಿದ, ಏನೂ ಸಿಗಲಿಲ್ಲ. ಅಜ್ಜಿಯಾದ ಹೆಂಗಸು ಅಷ್ಟು ಗಂಡಸರೆದುರು ಸೆರಗು ಕೊಡವಿದಳು.

"ಚಪ್ಪಲಿ ತೆಗಿ ಪೀರಮ್ಮಾ," ಎಂದಳು ಡ್ರಿಲ್ಲಿಂಗ್ ಮೆಷಿನ್ನಿನ ಉಮ್ಮೆ ಕುಲ್ಸುಂ. ಅಡಿಯ ಗ್ರೀಸಿಗೆ ಒಂದು ಟ್ಯಾಗ್ ಅಂಟಿಕೊಂಡಿತ್ತು. ಎಣ್ಣೆ ತಾಗಿದರೆ ಆ ಗೋಂದು ನಿಲ್ಲುವುದಿಲ್ಲ. ಟ್ಯಾಗುಗಳು ನೆಲದ ತುಂಬ ಉದುರಿರುತ್ತವೆ.

"ಟ್ಯಾಗ್ ಸಿಕ್ತು, ಟೂಲ್ ಎಲ್ಲಿ? ನಾಳೆಯಿಂದ ಬರ್ಬೇಡ, ಹೋಗೇ!"

ಕಳ್ಳನಿಗೊಂದು ಪಿಳ್ಳೆ ನೆವ ಅನ್ನುವುದು ಇದಕ್ಕೇ. ಟ್ಯಾಗ್ ಕಳಚಿದ ಸ್ಪ್ಯಾನರು ತನ್ನ ಜಾಗದಲ್ಲೇ ತಣ್ಣಗಿತ್ತು, ನೋಡುವ ಕಣ್ಣು ಬೇಕಲ್ಲ!

ಮರುದಿನ ನಾವು ಉದುರಿದ ಟ್ಯಾಗುಗಳನ್ನೆಲ್ಲ ಆರಿಸಿ ನಮ್ಮ ನಮ್ಮ ಊಟದ ಚೀಲಕ್ಕೆ ಹಾಕಿಕೊಂಡೆವು. ಮಧ್ಯಾಹ್ನ ಯಾರೂ ಡಬ್ಬಿ ಖಾಲಿ ಮಾಡಲಿಲ್ಲ. ಸಂಜೆ ಎಲ್ಲರೂ ಒಟ್ಟಿಗೆ ಗೇಟಿಗೆ ಹೋದೆವು. ಅಬ್ಬಬ್ಬಾ, ಅದೇನು ಕಿರುಚಾಟ!

ಕುಲ್ಸುಂ ಡಬ್ಬಿ ತೆರೆದು ಸುದರ್ಶನನ ಮೂಗಿಗೆ ಹಿಡಿದಳು. "ಬೋಟಿ ಗೊಜ್ಜು ಸಾರ್, ಕುರಿ ಕರುಳಿಂದು. ಕೈ ಹಾಕಿ ಹುಡುಕಿ. ಅಡೀಲಿ ಸ್ಪ್ಯಾನರ್ ಇದ್ರೂ ಇರ್ಬೋದು."

"ರಾಮ ರಾಮಾ! ಆಚೆ ತಗೊಂಡ್ ಹೋಗೇ!"

"ನಂದು ಕರುವಾಡು ಸಾರು, ಒಣಮೀನಿಂದು," ಎಂದು ಲೇತಿನ ಮುನಿವೆಂಕಟಪ್ಪ ಮುಂದೆ ಬಂದ. "ನೆನ್ನೆ ಪೀರಮ್ಮನ ಚೀಲಕ್ಕೆ ಕೈ ಹಾಕ್ವಾಗ ಇಲ್ದಿದ್ ಮಡಿ ಇವತ್ತೆಲ್ಲಿಂದ ಬಂತು ಸಾ?"

ನಾವು ನಕ್ಕು ನಕ್ಕು ಗೇಟಿನಲ್ಲೇ ಕುಳಿತು ಉಣ್ಣತೊಡಗಿದೆವು. ಮಾಲು ಒಯ್ಯಲು ಬಂದ ಲಾರಿ ಒಳಗೆ ಬರಲು ದಾರಿಯಿಲ್ಲದೆ ಹೊರಗೆ ಒಂದೇ ಸಮ ಹಾರ್ನ್ ಹೊಡೆಯುತ್ತಿತ್ತು.

"ಏನ್ ಬೇಕ್ರೋ ನಿಮ್ಗೆ?"

"ಪೀರಮ್ಮ ಬೇಕು," ಎಂದೆ ನಾನು. "ನೀವೇ ಹೋಗಿ ಕರೀರಿ."

ನಾವು ಮೊದಲೇ ಹೇಳಿದ್ದಂತೆ ಪೀರಮ್ಮ ರಸ್ತೆಯಾಚೆ ಟೀ ಅಂಗಡಿ ಮುಂದೆ ಕುಳಿತಿದ್ದಳು. ಸುದರ್ಶನ್ ನಮ್ಮ ಡಬ್ಬಿಗಳನ್ನು ದಾಟಿಕೊಂಡು ಹೋಗಿ, ತಲೆ ತಗ್ಗಿಸಿ ಗೊಣಗಿದ: "ಪೀರಮ್ಮನೋರೇ, ತಪ್ಪಾಯ್ತು. ಕೆಲ್ಸಕ್ಕೆ ಬನ್ನಿ."

ಪೀರಮ್ಮ ಗ್ಲಾಸು ಕೆಳಗಿಟ್ಟು ಕಿವಿಗೆ ಕೈ ಅಡ್ಡ ಹಿಡಿದಳು.

"ಏನಂದ್ರಿ ಸಾಮಿ? ನಿಮ್ ಗೇಟು ಕಿರುಚ್ತೈತೆ, ಕೇಳಿಸ್ಲಿಲ್ಲ. ಇನ್ನೊಂದ್ಸಲ, ಜೋರಾಗಿ ಹೇಳಿ."