ಬಗ್ಗಿ ಹಾಡುವ ಹಾಡು

ಮಣಿಪಾಲದ ಸಭಾಂಗಣದ ವೇದಿಕೆಯಲ್ಲಿ ಐದು ಮೈಕುಗಳನ್ನು ಎದೆಯೆತ್ತರಕ್ಕೆ ನಿಲ್ಲಿಸಿದ್ದರು. ಅವುಗಳ ಹಿಂದೆ ಪೆರ್ಡೂರಿನ ಐದು ಮಂದಿ ಹೆಂಗಸರು ನಿಂತಿದ್ದರು. ವಾದ್ಯಗಳಿಲ್ಲದೆ ಬರೀ ಕಂಠದಿಂದ ಹಾಡುವವರಿಗಾಗಿ ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಉತ್ಸವ ಅದು. ಫಿಲಿಪ್ಪೀನ್ಸಿನವರು, ಜಾರ್ಜಿಯದವರು ಬೆಳಿಗ್ಗೆಯೇ ತಾಲೀಮು ಮುಗಿಸಿ ಹೋಗಿದ್ದರು. ಪೆರ್ಡೂರಿನವರದ್ದು ಮೂರನೇ ಸಲವೂ ಕೆಟ್ಟಿತು. ಮುಂದಾಳು ರತ್ನಾವತಿ ಸಾಲು ಎತ್ತಿದರೆ ಅಕ್ಕು ಮುಂದೆ ಓಡುತ್ತಿದ್ದಳು, ಪುಷ್ಪಾವತಿ ಹಿಂದೆ ಉಳಿಯುತ್ತಿದ್ದಳು.

"ಹೋದ ವರ್ಷ ಗದ್ದೆಯಲ್ಲಿ ತೆಗೆದ ವಿಡಿಯೋದಲ್ಲಿ ಎಷ್ಟು ಚಂದ ಇತ್ತು ರತ್ನಕ್ಕ! ಈಗ ಎಂತ ಆಯಿತು?" ಎಂದು ಉತ್ಸವದ ವ್ಯವಸ್ಥಾಪಕ ತಿಲಕ್ ಕೇಳಿದ.

"ಅದರಲ್ಲಿ ನಾವು ಬಗ್ಗಿದ್ದೆವು" ಎಂದಳು ರತ್ನಾವತಿ.

ಅದು ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗಿನ ಹಾಡು. ಎಡಗೈಯಲ್ಲಿ ಹಿಡಿದ ಸೂಡಿಯ ಕಟ್ಟಿನಿಂದ ನಾಲ್ಕು ಸಸಿ ಬಿಡಿಸಿ, ಕೆಸರಿಗೆ ಊರಿ, ಒಂದು ಹೆಜ್ಜೆ ಹಿಂದಕ್ಕೆ ಇಡುವಷ್ಟರಲ್ಲಿ ಒಂದು ಸಾಲು ಮುಗಿಯುತ್ತದೆ. ತಾಳ ಇರುವುದು ಕೈಯಲ್ಲಿ, ಸೊಂಟದಲ್ಲಿ. ನೆಟ್ಟಗೆ ನಿಂತರೆ ಅದನ್ನು ಎಲ್ಲಿಂದ ತರುವುದು?

"ಬಗ್ಗಿದರೆ ಮೈಕಿಗೆ ಸ್ವರ ಸಿಗುವುದಿಲ್ಲ, ಈ ಕಂಬ ಇನ್ನು ಕೆಳಗೆ ಇಳಿಯುವುದೂ ಇಲ್ಲ. ಜನರಿಗೆ ಮುಖವೂ ಕಾಣುವುದಿಲ್ಲ. ನಿಂತು ಒಂದು ಚರಣ ಹಾಡಿ, ಸಾಕು. ಅದೂ ಆಗದಿದ್ದರೆ ಬಿಟ್ಟುಬಿಡುವ" ಎಂದು ಹೇಳಿ ತಿಲಕ್ ಹೋದ.

"ಮುಖ ನೋಡಲಿಕ್ಕೆ ನಾವೆಂತ ಮದುಮಗಳಾ?" ಅಕ್ಕು ಗೊಣಗಿದಳು.

ರತ್ನಾವತಿ ನಗಲಿಲ್ಲ. ಈ ಸಲ ಊರಿನ ಗದ್ದೆಗಳಿಗೆಲ್ಲ ನೆಡುವ ಯಂತ್ರ ಬಂದಿತ್ತು. ಈ ಹಾಡನ್ನು ಹಾಡಲು ಬೇರೆ ಜಾಗ ಉಳಿದಿರಲಿಲ್ಲ. ಇಲ್ಲಿಯೂ ಕೆಡಿಸಿದರೆ, ಹಾಡು ಇಷ್ಟೇ ಎಂದುಕೊಂಡು ಜನ ಎದ್ದು ಹೋಗುತ್ತಾರೆ.

"ನಿಂತೇ ಹಾಡುವ ಅಕ್ಕ. ಇಷ್ಟು ದೂರ ಬಂದು ಸುಮ್ಮನೆ ಹೋಗುವುದಾ?" ಎಂದಳು ಪುಷ್ಪಾವತಿ.

"ಹೋಗುವುದಿಲ್ಲ. ನಿಲ್ಲುವುದೂ ಇಲ್ಲ."

ಸಂಜೆ ಹೆಸರು ಕರೆದಾಗ ರತ್ನಾವತಿ ತನ್ನ ಮುಂದಿನ ಮೈಕನ್ನು ಕಂಬ ಸಮೇತ ಎತ್ತಿ ಬದಿಗಿಟ್ಟಳು. ಉಳಿದವರೂ ಹಾಗೆಯೇ ಮಾಡಿದರು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ವೇದಿಕೆಯ ಮುಂದಿನ ಅಂಚಿನಲ್ಲಿ ಸಾಲಾಗಿ ಬಗ್ಗಿದರು. ಸಭೆಯಲ್ಲಿ ಯಾರೋ ನಕ್ಕರು. ಎದ್ದು ನಿಲ್ಲಿ ಎಂದು ಪರದೆಯ ಬದಿಯಿಂದ ತಿಲಕ್ ಎರಡೂ ಕೈ ಬೀಸಿದ. ಬಗ್ಗಿದವರಿಗೆ ಕಾಣುವುದು ನೆಲ ಮಾತ್ರ.

ಹಾಡು ಎದ್ದಿತು. ಬರಿಗೈಗಳು ಹಲಗೆಯನ್ನು ಮುಟ್ಟಿದವು, ಐವರ ಕಾಲುಗಳೂ ಒಟ್ಟಿಗೆ ಹಿಂದೆ ಸರಿದವು. ಅಕ್ಕು ಓಡಲಿಲ್ಲ. ಪುಷ್ಪಾವತಿ ಹಿಂದೆ ಉಳಿಯಲಿಲ್ಲ.

"ಕೇಳುವುದಿಲ್ಲ!" ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ರತ್ನಾವತಿ ತಲೆ ಎತ್ತಲಿಲ್ಲ, ಸ್ವರ ಏರಿಸಲೂ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಕುರ್ಚಿಗಳ ಸದ್ದಾಯಿತು. ಕೆಲವರು ಹೊರಗೆ ಹೋದರು. ಉಳಿದವರು ಒಬ್ಬೊಬ್ಬರಾಗಿ ಮುಂದೆ ಬಂದು ವೇದಿಕೆಯ ಬುಡದಲ್ಲಿ ನಿಂತರು.

ಸಮಯ ಮುಗಿದು ಕೆಂಪು ದೀಪ ಹತ್ತಿತು. ತಿಲಕ್ ರತ್ನಾವತಿಯ ಹಿಂದೆ ಬಂದು, ಅವಳಿಗೆ ಕೇಳಿಸುವಂತೆ ತಾನೂ ಬಗ್ಗಿ, "ಸಾಕು ರತ್ನಕ್ಕ, ಏಳಿ" ಎಂದ.

ಉಳಿದ ನಾಲ್ವರು ಅವಳ ಸಾಲನ್ನು ತಿರುಗಿ ಹಾಡುವಷ್ಟು ಬಿಡುವಿನಲ್ಲಿ ರತ್ನಾವತಿ ಹೇಳಿದಳು: "ಅರ್ಧ ಗದ್ದೆ ಬಿಟ್ಟು ಏಳುವ ಕ್ರಮ ಇಲ್ಲ ಮಾರಾಯ. ನೀನು ನಿಂತದ್ದು ನಾವು ನೆಡುವ ಜಾಗದಲ್ಲಿ. ಆಚೆ ಸರಿ."

ತಿಲಕ್ ಸರಿದ. ಅವಳು ಮುಂದಿನ ಸಾಲು ಎತ್ತಿಕೊಂಡು ಒಂದು ಹೆಜ್ಜೆ ಹಿಂದೆ ಇಟ್ಟಳು.