ತೊಳೆದ ಕಲ್ಲು

ಯಂಕಮ್ಮನಿಗೆ ಮಾತು ಕೊಟ್ಟವಳು ನಾನೇ. ಉಪೇಂದ್ರ ಸರ್ ಅಲ್ಲ, ಮಕ್ಕಳೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆಯವರ ಮೇಲೆ ಹಾಕೋಣ ಅನ್ನಿಸಬಾರದು.

ತೆಲುಗು ಸೀಮೆಯ ಉಪ್ಪಲ್‌ನ ಒಂದು ಶಾಲೆಯಲ್ಲಿ ನಾನು ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಹಗಲು ದುಡಿದು, ಸಂಜೆ ದಿಲ್‌ಸುಖ್‌ನಗರದ ಕಾಲೇಜಿನಲ್ಲಿ ಬಿ.ಎ. ಮುಗಿಸಿದವಳು. ಅರ್ಧ ಪಾಠಗಳನ್ನು ನಿದ್ದೆಗಣ್ಣಿನಲ್ಲಿ ಕೇಳಿದ್ದೇನೆ. ಹಾಗಾಗಿ ಇತಿಹಾಸದ ಮೇಷ್ಟ್ರು ಉಪೇಂದ್ರ ಸರ್ ಏನು ಹೇಳಿದರೂ ತಲೆಯಾಡಿಸುವುದು ನನಗೆ ರೂಢಿಯಾಗಿಬಿಟ್ಟಿತ್ತು. ಅವರು ಮೈಸೂರಿನವರು, ಶಾಲೆಯ ಇತಿಹಾಸ ಕ್ಲಬ್ಬು ಅವರದೇ. ಶನಿವಾರ ಕ್ಲಬ್ಬಿನ ಮಕ್ಕಳು ಶಾಲೆಯ ಹಿಂದಿನ ಗುಡಿಸಲುಗಳಿಗೆ ಹೋಗಿ ಕೂಲಿಯವರ ಮಕ್ಕಳಿಗೆ ಓದು ಕಲಿಸುತ್ತಿದ್ದರು. ಅಲ್ಲಿದ್ದವರೆಲ್ಲ ರಾಯಚೂರು, ಯಾದಗಿರಿ ಕಡೆಯವರು. ನಮ್ಮ ಮನೆಯವರು ಕಲಬುರಗಿಯವರಾದ್ದರಿಂದ ಮಾತಾಡಿಸಲು ನನ್ನನ್ನು ಕರೆದೊಯ್ಯುತ್ತಿದ್ದರು.

ಯಂಕಮ್ಮನ ಗುಡಿಸಲಿನ ಪಕ್ಕ, ಬೇವಿನ ಬುಡದಲ್ಲಿ, ಮೊಣಕಾಲೆತ್ತರದ ಒಂದು ಕಲ್ಲಿತ್ತು. ಎಣ್ಣೆ, ಅರಿಶಿನ, ಕುಂಕುಮ ಬಳಿದು ಬಳಿದು ಅದರ ಮೇಲೆ ಎರಡು ಬೆರಳು ದಪ್ಪ ಕಪ್ಪು ಜಿಡ್ಡು ಕಟ್ಟಿತ್ತು. ಆ ಜಿಡ್ಡಿನಲ್ಲೇ ಅವಳು ಬೆರಳಿನಿಂದ ತಿದ್ದಿದ ಮೂಗು, ಉಬ್ಬಿದ ಕೆನ್ನೆ. ನಡುವೆ ನೆಟ್ಟ ಎರಡು ಬೆಳ್ಳಿ ಕಣ್ಣು.

"ನಾವು ಬಂದಾಗ ಬರೇ ಕಲ್ಲಿತ್ರಿ," ಎಂದಿದ್ದಳು ಯಂಕಮ್ಮ. "ಹನ್ನೊಂದ್ ವರ್ಷ ಆತು, ಮಂಗಳವಾರಕ್ಕೊಮ್ಮೆ ಎಣ್ಣಿ ಹಚ್ಚಾಕತ್ತೀನಿ. ಈಗ ನೋಡ್ರಿ, ಅವ್ವ ಹೆಂಗ ಮೈ ತುಂಬ್ಯಾಳ."

ಕಣ್ಣು ಚೆನ್ನಾಗಿವೆ ಎಂದೆ.

"ಅವು ಶೈಲಾನ ಕಾಲ್ಗೆಜ್ಜಿರಿ. ನನ್ನ ಮಗಳು. ಆರು ವರ್ಷದಾಕಿ, ಜ್ವರ ಬಂದು ಹೋದ್ಲು. ಗೆಜ್ಜಿ ಮನ್ಯಾಗಿದ್ರ ಸಪ್ಪಳ ಕೇಳಿದಂಗ ಆಗ್ತಿತ್ತು. ಕರಗಿಸಿ ಅವ್ವಗ ಕಣ್ಣು ಮಾಡಿಸ್ದೆ. ಆಕಿದು ಒಂದು ಫೋಟೋ ಸೈತ ಇಲ್ರಿ. ಈ ಗಲ್ಲ ಐತಲ್ಲ, ಆಕಿದ ಹಿಂಗ ಇತ್ತು. ನೆನಪಿದ್ದಷ್ಟು ತಿದ್ದೀನಿ."

ಇದನ್ನು ನಾನು ಕೇಳಿಸಿಕೊಂಡಿದ್ದೆ. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಮಾರ್ಚಿನಲ್ಲಿ ಜಾಗದ ಮಾಲೀಕ ವಾರದೊಳಗೆ ಗುಡಿಸಲು ತೆಗೆಯಿರಿ ಎಂದ. ಅದೇ ವಾರ ಉಪೇಂದ್ರ ಸರ್ ಆ ಕಲ್ಲಿನ ಪಕ್ಕದಲ್ಲಿ ಕೂತು, ಜಿಡ್ಡು ಇಲ್ಲದ ಅಂಚಿನಲ್ಲಿ ಕೆತ್ತಿದ ಒಂದು ಕುದುರೆ ಕಾಲನ್ನು ಕಂಡರು.

"ವಿಜಯಶ್ರೀ, ಇದು ವೀರಗಲ್ಲು ಕಣ್ರೀ! ಜೆಸಿಬಿ ಕೆಳಗೆ ಹೋದ್ರೆ ಮುಗೀತು. ಶಾಲೆಗೆ ತಂದುಬಿಡೋಣ. ನೀವೇ ಹೇಳಿ ಆ ಅಮ್ಮಂಗೆ, ನಿಮ್ಮ ಮಾತು ಕೇಳ್ತಾರೆ."

ಯಂಕಮ್ಮ ತಕ್ಷಣ ಒಪ್ಪಿದಳು. ಅವಳಿಗೂ ಜೆಸಿಬಿಯದೇ ಹೆದರಿಕೆ.

"ಮಿಯಾಪುರದಾಗ ಕೆಲಸ ಐತಿ ಅಂದಾರ. ಶೆಡ್ ಸಿಕ್ಕ ಕೂಡ್ಲೆ ಆಟೋ ತಗೊಂಡು ಬರ್ತೀನಿ. ಅಲ್ಲೀತನ ಜ್ವಾಕಿ ಇಟ್ಕೋತೀರಿಲ್ಲೋ?"

"ಇಟ್ಕೋತೀವ್ರಿ. ನಿಮ್ಮ ಅವ್ವಗ ಏನೂ ಆಗಂಗಿಲ್ಲ."

ಮಕ್ಕಳು ಕಲ್ಲನ್ನು ಕೈಗಾಡಿಗೆ ಏರಿಸುವಾಗ ಅವಳು ನಕ್ಕಳು. "ನಾ ಅಂತೂ ಒಂದಿನಾ ಸಾಲಿ ಮೆಟ್ಟಲಾ ಹತ್ತಲಿಲ್ಲ. ಆಕಿಯರ ಹೋಗ್ಲಿ ಬಿಡ್ರಿ. ಮೇಷ್ಟ್ರ, ಹೊಡೀಬ್ಯಾಡ್ರಿ ಮತ್ತ!"

ನಮ್ಮ ಕ್ಲಬ್ಬಿನಲ್ಲಿ ಒಂದು ಕ್ರಮವಿತ್ತು. ಸಿಕ್ಕ ವಸ್ತುವನ್ನು ಮೊದಲು ತೊಳೆಯಬೇಕು, ಆಮೇಲೆ ಅಳೆಯಬೇಕು, ಕೊನೆಗೆ ಚೀಟಿ ಅಂಟಿಸಬೇಕು. ನಾಣ್ಯಕ್ಕೂ ಅದೇ, ಹಳೆಯ ಹಂಡೆಗೂ ಅದೇ. ಕಲ್ಲನ್ನು ಇಡಬೇಕಿದ್ದ ಕ್ಲಬ್ಬಿನ ಪ್ರದರ್ಶನಕ್ಕೆ ನಾಲ್ಕು ದಿನವಿತ್ತು. ಕಲ್ಲಿಗೆ ಪೆಟ್ಟಾಗದಂತೆ ಅಂಟುವಾಳದ ಬಿಸಿನೀರು, ಬಿದಿರಿನ ಕಡ್ಡಿ ಸಾಕು ಎಂದರು ಸರ್. ಅಂಟುವಾಳ ನೆನೆಹಾಕಿದ್ದು ನಾನು.

ಒಂಬತ್ತನೇ ತರಗತಿಯ ಮಾನಸಾ ಕಡ್ಡಿ ಹಿಡಿದು ನಿಂತಿದ್ದಳು. "ಮೇಡಂ, ಆ ಆಂಟೀನ ಒಂದ್ ಮಾತು ಕೇಳ್ಬೇಕಲ್ವಾ?"

"ಸರ್‌ಗೆ ಗೊತ್ತಿರುತ್ತೆ ಪುಟ್ಟಾ," ಎಂದೆ.

ಯಂಕಮ್ಮನ ಫೋನ್ ನಂಬರ್ ನನ್ನ ಬಳಿ ಇತ್ತು.

ಎರಡು ದಿನ ಉಜ್ಜಿದೆವು. ಬೆಳ್ಳಿ ಕಣ್ಣುಗಳನ್ನು ನಾನೇ ಜೋಪಾನವಾಗಿ ಬಿಡಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಟಿ ಬರೆದೆ. ಜಿಡ್ಡು ಕರಗಿ ಕೆಂಪು ನೀರಾಗಿ ಅಂಗಳದ ದಾಸವಾಳದ ಪಾತಿಗೆ ಹರಿಯಿತು. ಕತ್ತಿ ಹಿಡಿದ ಗಂಡಸು ಮೂಡಿದ. ಅವನ ಮೀಸೆ ಕಂಡಾಗ ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಕಲ್ಲು ತಂದ ಹತ್ತನೆಯ ದಿನ ಯಂಕಮ್ಮ ಆಟೋದಲ್ಲಿ ಬಂದಳು. ಕೈಯಲ್ಲಿ ಎಣ್ಣೆ ಬಾಟಲಿ, ಅವ್ವನಿಗೆಂದು ಹೊಸ ಹಸಿರು ಕುಪ್ಪಸದ ಕಣ. ವರಾಂಡದಲ್ಲಿ, ಹಗ್ಗ ಕಟ್ಟಿದ ಮೇಜಿನ ಮೇಲೆ ಕಲ್ಲಿತ್ತು. ಅವಳು ಅದನ್ನು ದಾಟಿಕೊಂಡು ನನ್ನ ಹತ್ತಿರ ಬಂದಳು.

"ಎಲ್ಲಿ ಇಟ್ಟೀರಿ ಅಕ್ಕಾರ?"

ನಾನು ತೋರಿಸಿದೆ.

"ಇದಲ್ರಿ. ನಮ್ಮವ್ವ."

"ಅಮ್ಮಾ, ಇದೇ ನಿಮ್ಮ ಕಲ್ಲು," ಎಂದರು ಉಪೇಂದ್ರ ಸರ್. "ಮೇಲಿನ ಕೊಳೆ ತೆಗೆದಿದ್ದೀವಿ ಅಷ್ಟೇ. ನೂರಾರು ವರ್ಷ ಹಳೇದು. ಎಷ್ಟು ಚೆನ್ನಾಗಿದೆ ನೋಡಿ."

"ಮೀಸಿ ಅದಾವಲ್ರಿ ಇವಗ!" ಅವಳು ನಗಲು ನೋಡಿದಳು. "ಚಾಷ್ಟಿ ಮಾಡಬ್ಯಾಡ್ರಿ ಸಾರ್. ಹೊರಗ ಆಟೋ ನಿಂತೈತಿ. ನಮ್ಮವ್ವನ್ನ ಕೊಡ್ರಿ, ಹೋಗ್ತೀನಿ."

ಸರ್ ಮುಖ ಸಣ್ಣಗಾಗಿದ್ದನ್ನು ನಾನು ಅದೇ ಮೊದಲು ಕಂಡಿದ್ದು. ನಾನು ಗ್ರಂಥಾಲಯಕ್ಕೆ ಹೋಗಿ ಡ್ರಾಯರಿನಿಂದ ಚೀಲ ತಂದು ಅವಳ ಅಂಗೈಗೆ ಕಣ್ಣುಗಳನ್ನು ಸುರಿದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಯಂಕಮ್ಮ ಅವನ್ನು ಹೆಬ್ಬೆರಳಿನಿಂದ ಸವರಿದಳು. ಒಮ್ಮೆ ಕಲ್ಲನ್ನು, ಒಮ್ಮೆ ನನ್ನನ್ನು ನೋಡಿದಳು. ಆಗ ಅವಳಿಗೆ ತಿಳಿಯಿತು.

"ಕಣ್ಣು ಇವ ಖರೆ," ಎಂದಳು ನಿಧಾನಕ್ಕೆ. "ಮುಖ ಎಲ್ಲಿ ಚೆಲ್ಲಿದ್ರಿ?"

ನಾನು ದಾಸವಾಳದ ಪಾತಿಯ ಕಡೆ ಕೈ ಮಾಡಿದೆ. ಅಲ್ಲಿ ಮಣ್ಣು ಇನ್ನೂ ಕಪ್ಪಗೆ, ಎಣ್ಣೆಯಿಂದ ಹೊಳೆಯುತ್ತಿತ್ತು. ಅವಳು ಹೋಗಿ ಕುಕ್ಕರುಗಾಲಿನಲ್ಲಿ ಕೂತು ಸೆರಗು ಹಾಸಿದಳು. ಎರಡೂ ಕೈಯಿಂದ ಮಣ್ಣು ಬಾಚಿ ಸೆರಗಿಗೆ ಹಾಕತೊಡಗಿದಳು. ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಲೇ ಇದ್ದ.

ನಾನೂ ಅವಳ ಪಕ್ಕದಲ್ಲಿ ಕೂತು ಒಂದು ಹಿಡಿ ಮಣ್ಣು ಎತ್ತಿದೆ. ಅವಳು ನನ್ನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿದಳು, ಒರಟಾಗಿ ಅಲ್ಲ.

"ನೀವು ಮುಟ್ಟಬ್ಯಾಡ್ರಿ ಅಕ್ಕಾರ," ಎಂದಳು.