ಗುರುತು ಹಿಡಿಯದ ವೇಷ

ಕ್ರಿಸ್‌ಮಸ್ ಬೆಳಿಗ್ಗೆ ಟ್ರೈಫೀನಾ ಚರ್ಚಿನಲ್ಲಿ ಒಂದು ಎಡವಟ್ಟು ಮಾಡಿಕೊಂಡಳು. ಎಲ್ಲರ ಜೊತೆ ಬಲಿಪೀಠದ ಮುಂದೆ ಮೊಣಕಾಲೂರಿದವಳು, ಪಾದ್ರಿ ಕರ್ತನ ಭೋಜನದ ರೊಟ್ಟಿ ಹಿಡಿದು ಎದುರಿಗೆ ಬಂದಾಗ ಕೈ ಚಾಚಲೇ ಇಲ್ಲ. ಸುಮ್ಮನೆ ಎದ್ದು ಬಂದು ತನ್ನ ಬೆಂಚಿನಲ್ಲಿ ಕುಳಿತುಬಿಟ್ಟಳು.

ನ್ಯೂಫೌಂಡ್‌ಲ್ಯಾಂಡಿನ ಆ ಕಡಲಂಚಿನ ಊರಿನಲ್ಲಿ ಇರುವುದೇ ನಲವತ್ತು ಮನೆ. ಇಷ್ಟು ಸಾಲದೇ? ಮಧ್ಯಾಹ್ನದೊಳಗೆ ಅವಳು ಮಾಡಿರಬಹುದಾದ ಪಾಪಗಳೆಲ್ಲ ತಯಾರಾದವು. ಯಾರದೋ ಬಲೆಯಿಂದ ಮೀನು ಎತ್ತಿದ್ದಾಳೆ ಎಂದರು. ಗಂಡನಿಗೆ ದ್ರೋಹ ಮಾಡಿದ್ದಾಳೆ ಎಂದೂ ಅಂದರು. ಅರವತ್ತೆರಡರ ಹೆಂಗಸು, ಅದಕ್ಕೆಲ್ಲ ಪುರುಸೊತ್ತಾದರೂ ಎಲ್ಲಿಂದ ಬರಬೇಕು ಪಾಪ!

ನಿಜ ಸಂಗತಿಯೇ ಬೇರೆ. ಮೂರು ವರ್ಷದ ಹಿಂದೆ, ಚರ್ಚಿನಲ್ಲಿ ಹಾಡುವವರೆಲ್ಲರ ಎದುರಿಗೆ ಅವಳು ತನ್ನ ಅಕ್ಕ ಹೆಸ್ಟರಳಿಗೆ, "ನಿನ್ನ ಗಂಟಲು ಹೋಯ್ತು ಕಣಕ್ಕಾ, ಇನ್ನು ಸುಮ್ನೆ ಕೂತ್ಕೋ" ಅಂದಿದ್ದಳು. ಹೆಸ್ಟರ್ ಹಾಡಿನ ಪುಸ್ತಕ ಮುಚ್ಚಿಟ್ಟು ಹೋದವಳು ಆಮೇಲೆ ಹಾಡಲಿಲ್ಲ. ಮಾತಿಗೆ ಮಾತು ಬೆಳೆದು, "ಇನ್ನು ನಿನ್ನ ಹೊಸಿಲು ತುಳಿದ್ರೆ ಕೇಳು" ಎಂದು ಟ್ರೈಫೀನಾ ಬೀದಿಗೆಲ್ಲ ಕೇಳುವಂತೆ ಕೂಗಿದ್ದಳು. ಮುನಿಸು ಇಟ್ಟುಕೊಂಡವರು ಆ ರೊಟ್ಟಿ ತಿನ್ನಬಾರದು ಎಂದು ಗೊತ್ತಿದ್ದೂ ಇಷ್ಟು ದಿನ ಹೇಗೋ ತಿಂದಿದ್ದಳು. ಒಡಹುಟ್ಟಿದವಳನ್ನು ಅಷ್ಟು ನೋಯಿಸಿ, ಈಗ ರೊಟ್ಟಿಗೆ ಕೈ ಚಾಚಲು ಅವಳಿಂದ ಆಗಲಿಲ್ಲ. ಮುಂದಿನ ಭಾನುವಾರದೊಳಗೆ ರಾಜಿಯಾಗಲೇಬೇಕು. ಆದರೆ 'ತಪ್ಪಾಯ್ತು' ಎನ್ನಲು ನಾಲಿಗೆ ಹೊರಳಬೇಕಲ್ಲ!

ದಾರಿ ತೋರಿಸಿದವನು ಗಂಡ ಆಂಬ್ರೋಸ್.

"ಕ್ರಿಸ್‌ಮಸ್ ಅಂತ ಊರೆಲ್ಲ ಈಗ ವೇಷ ಹಾಕ್ಕೊಂಡು ಮನೆ ಮನೆ ಸುತ್ತುತ್ತಿದೆ. ನೀನೂ ಹಾಕ್ಕೋ. ವೇಷ ಹೊಸಿಲು ತುಳಿದ್ರೆ ನೀನು ತುಳಿದ ಹಾಗಾಯ್ತಾ?"

ಟ್ರೈಫೀನಾಳಿಗೆ ಇದು ಭಾರಿ ಹಿಡಿಸಿತು. ಮನೆಯವರು ಹೆಸರು ಹೇಳಿ ಗುರುತು ಹಿಡಿಯುವುದು, ವೇಷದವರು ಮುಸುಕು ತೆಗೆಯುವುದು, ಆಮೇಲೆ ಕೇಕು. ಇದೇ ಆಟ. ಅಕ್ಕ ಹೆಸರು ಹೇಳುತ್ತಾಳೆ, ತಾನು ಕೇಕು ತಿನ್ನುತ್ತೇನೆ, ರಾಜಿ ಆಯಿತು. ಕ್ಷಮೆಯ ಮಾತೇ ಬೇಕಿಲ್ಲ.

ಸಂಜೆ ಅವಳು ಗಂಡನ ರಬ್ಬರ್ ಬೂಟು ಮೆಟ್ಟಿ, ಹೊಟ್ಟೆಗೆ ದಿಂಬು ಕಟ್ಟಿ, ಮುಖಕ್ಕೆ ಕಿಟಕಿಯ ಪರದೆ ಇಳಿಬಿಟ್ಟಳು. ಆಂಬ್ರೋಸ್ ಅವಳ ಲಂಗ ತೊಟ್ಟ. ಹೆಸ್ಟರಳ ಬಾಗಿಲು ಬಡಿದು, ದನಿ ತಿಳಿಯದಂತೆ ಉಸಿರನ್ನು ಒಳಕ್ಕೆಳೆಯುತ್ತಾ, "ವೇಷದವರನ್ನ ಒಳಗೆ ಬಿಡ್ತೀರಾ?" ಎಂದು ಕೇಳಿದರು.

ಹೆಸ್ಟರ್ ಒಲೆಯ ಪಕ್ಕ ಕುಳಿತು ಉಣ್ಣೆ ಹೆಣೆಯುತ್ತಿದ್ದಳು.

"ಆಂಬ್ರೋಸ್. ಆ ಕುಂಟು ಕಾಲಿಗೂ ಒಂದು ಮುಸುಕು ಹಾಕ್ಬೇಕಿತ್ತು ಕಣಪ್ಪಾ."

"ನಿಮ್ಮ ಕಣ್ಣು ತಪ್ಪಿಸೋಕಾಗುತ್ತಾ ಅತ್ತಿಗೆ?" ಎಂದು ಅವನು ಮುಸುಕು ಕಿತ್ತು ಕೇಕಿಗೆ ಕೈಹಾಕಿದ.

"ಜೊತೆಗಿರೋದು ಯಾರು? ಅಂಚೆ ಮನೆ ಗಿಡಿಯನ್ನಾ?"

ಪರದೆ ಅಡ್ಡಡ್ಡ ಆಡಿತು.

"ಪಾದ್ರಿಗಳಾ? ಹೊಟ್ಟೆ ನೋಡಿದ್ರೆ ಅವರದೇ."

ಮತ್ತೆ ಅಡ್ಡಡ್ಡ.

"ನನ್ನ ತಂಗಿ ಅಂತೂ ಅಲ್ಲ ಬಿಡು. ಆ ಮಹಾರಾಣಿ ಇಲ್ಲಿಗೆಲ್ಲ ಬರ್ತಾಳಾ? ಚಿಕ್ಕಂದಿನಿಂದ್ಲೂ ಹಾಗೇ. ನನ್ನ ಗೊಂಬೆ ಮುರಿದು ತಪ್ಪನ್ನ ಬೆಕ್ಕಿನ ಮೇಲೆ ಹಾಕಿದೋಳು."

"ಅದು ಬೆಕ್ಕೇ ಮುರಿದಿದ್ದು," ಎಂದಿತು ಪರದೆ, ಉಸಿರು ಒಳಗೆಳೆಯುವುದನ್ನು ಮರೆತು.

ಆಂಬ್ರೋಸನಿಗೆ ಕೇಕು ಗಂಟಲಲ್ಲಿ ಸಿಕ್ಕಿಕೊಂಡಿತು. ಹೆಸ್ಟರಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಪಾಪ, ಶೀತ ಆಗಿದೆ ಅನ್ಸುತ್ತೆ. ಗಿಡಿಯನ್ನೇ ಇರ್ಬೇಕು."

ಆಗ ಟ್ರೈಫೀನಾಳಿಗೆ ಅರ್ಥವಾಯಿತು. ಇವಳಿಗೆ ಹೊಸಿಲಲ್ಲೇ ಗೊತ್ತಾಗಿದೆ. ಬೆಳತನಕ ಕೂತರೂ ತನ್ನ ಹೆಸರು ಇವಳ ಬಾಯಿಂದ ಬರುವುದಿಲ್ಲ. ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಿಬಿಡಬಹುದಿತ್ತು. ಹೋದರೆ ಭಾನುವಾರ ಮತ್ತೆ ಅದೇ ರೊಟ್ಟಿ, ಅದೇ ಬೆಂಚು. ಅವಳು ಪರದೆಯನ್ನು ತಾನೇ ಕಿತ್ತೆಸೆದಳು.

"ನಾನು ಕಣಕ್ಕಾ. ಅವತ್ತು ನಿನ್ನ ಗಂಟಲಿಗೆ ಏನೂ ಆಗಿರ್ಲಿಲ್ಲ. ನೀನು ಹಾಡಿದ್ರೆ ಎಲ್ರೂ ನಿನ್ನೇ ನೋಡ್ತಿದ್ರು, ನನಗೆ ಹೊಟ್ಟೆಕಿಚ್ಚು. ತಪ್ಪಾಯ್ತು."

ಹೆಣಿಗೆಯ ಕಡ್ಡಿಗಳು ನಿಂತವು.

"ಹೆಸರು ಹೇಳೋ ಮುಂಚೆ ಮುಖ ತೋರಿಸ್ಬಾರ್ದು," ಎಂದಳು ಹೆಸ್ಟರ್. "ಆಟ ನೆಟ್ಟಗೆ ಆಡೋಕೆ ನಿನಗೆ ಯಾವತ್ತು ಬಂತು?"

ಎದ್ದು ಹೋಗಿ ದಪ್ಪಗೆ ಒಂದು ತುಂಡು ಕೇಕು ಕತ್ತರಿಸಿ ತಂಗಿಯ ಕೈಗಿಟ್ಟಳು.

"ನೀನು ಒಂದು ಸಲ ರೊಟ್ಟಿ ಬಿಟ್ಟು ಎದ್ದೆ, ಊರೆಲ್ಲ ನೋಡ್ತು," ಎಂದಳು ಹೆಸ್ಟರ್. "ನಾನು ಮೂರು ವರ್ಷದಿಂದ ಸರಿಯಾಗಿ ಅದೇ ಹೊತ್ತಿಗೆ ಎದ್ದು ಹೊರಗೆ ಹೋಗ್ತಿದೀನಿ. ನಿನ್ನ ಮೇಲೆ ಇಷ್ಟು ಸಿಟ್ಟಿಟ್ಕೊಂಡು ಹೇಗೆ ತಗೊಳ್ಳಲಿ? ಮುದುಕಿಗೆ ಮೂತ್ರ ತಡೆಯಲ್ಲ ಅಂದ್ಕೊಂಡು ಪಾದ್ರಿಗಳ ಹೆಂಡತಿ ಕಷಾಯ ಮಾಡಿ ಕಳಿಸ್ತಾರೆ. ಕಹಿ ವಿಷ. ಅಷ್ಟನ್ನೂ ಕುಡಿದೆ ಕಣೇ, ಇನ್ನೇನ್ ಮಾಡ್ಲಿ?"

ಟ್ರೈಫೀನಾ ಬಾಯಲ್ಲಿ ಕೇಕು ಇಟ್ಟುಕೊಂಡೇ ನಕ್ಕಳು, ನಗುತ್ತಲೇ ಅತ್ತಳು. ಹೆಸ್ಟರ್ ಅವಳ ತಲೆಯ ಮೇಲೊಂದು ಮೊಟಕಿದಳು.

"ಭಾನುವಾರ ನನ್ನ ಪಕ್ಕದಲ್ಲೇ ಕೂತ್ಕೋ. ನಾನು ಎದ್ದು ಹೋಗಲ್ಲ."